ಮಾಮಿಯ ಶ್ರುತಿಪೆಟ್ಟಿಗೆಯನ್ನು ನಾನು ಉಜ್ಜಿದ್ದು

ಸುಭದ್ರಾ ಮಾಮಿಯ ಶ್ರುತಿಪೆಟ್ಟಿಗೆಯನ್ನು ಕೆಡಿಸಿದವನು ನಾನು. ಕೆಡಿಸಿದೆ ಎಂದು ಗೊತ್ತಾದ ಮೇಲೂ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ.

ಏನೇನು ತಪ್ಪಾಗಬಹುದೆಂದು ಯೋಚಿಸದೆ ಕೈಹಾಕಿದೆ ಎಂದುಕೊಳ್ಳಬೇಡಿ. ಯೋಚಿಸುವುದೊಂದೇ ನನಗೆ ಚೆನ್ನಾಗಿ ಬರುವ ಕೆಲಸ. ಸ್ಕ್ರೂಗಳು ತುಕ್ಕು ಹಿಡಿದು ತಿರುಗಿಸುವಾಗ ತಲೆ ಸವೆದುಹೋಗಬಹುದು. ತೆಗೆದ ಸ್ಕ್ರೂ ಉರುಳಿ ಬೀರುವಿನ ಅಡಿ ಸೇರಬಹುದು. ಹಳೆಯ ತೇಗದ ಹಲಗೆ ಸೀಳಬಹುದು. ತಿದಿಯ ಚರ್ಮ ಕೈಗೆ ಪುಡಿಪುಡಿಯಾಗಿ ಬರಬಹುದು. ಒಳಗಿನಿಂದ ಜಿರಲೆ ಹಾರಿ, ನಾನು ಕಿರುಚಿ, ಎದುರು ಫ್ಲಾಟಿನವರು ಬಾಗಿಲು ಬಡಿಯಬಹುದು. ಬೆರಳು ಕುಯ್ದುಕೊಂಡು ಗಾಯಕ್ಕೆ ಹಿತ್ತಾಳೆಯ ಕಿಲುಬು ತಗುಲಿ ಧನುರ್ವಾಯು ಬರಬಹುದು. ದೇವರ ಮನೆಯಲ್ಲಿಡುವ ವಸ್ತುವನ್ನು ಸ್ನಾನವಿಲ್ಲದೆ ಮುಟ್ಟಿದ್ದಕ್ಕೆ ಬೇರೆ ಏನಾದರೂ ಬರಬಹುದು — ಅದಕ್ಕೆಂದು ಸ್ನಾನ ಮಾಡಿಯೇ ಕೂತೆ. ಎಲ್ಲವನ್ನೂ ತಿರುಗಿ ಜೋಡಿಸಿದ ಮೇಲೆ ಒಂದು ಸ್ಕ್ರೂ ಮಿಕ್ಕುಬಿಡಬಹುದು — ಅದಕ್ಕೆಂದು ಇಡ್ಲಿ ತಟ್ಟೆ ತಂದು, ಒಂದೊಂದು ಗುಳಿಯಲ್ಲಿ ಒಂದೊಂದು ಸ್ಕ್ರೂ ಇಟ್ಟೆ. ಆ ಇಡ್ಲಿ ತಟ್ಟೆಯನ್ನು ನೋಡಿಬಿಟ್ಟರೆ ನನ್ನ ಹೆಂಡತಿ ವತ್ಸಲಾ — ಸರಿ, ಸಾಕು.

ಇವುಗಳಲ್ಲಿ ಒಂದೂ ಆಗಲಿಲ್ಲ.

ನನಗೆ ಈಗ ಐವತ್ತೆರಡು. ಹೆಸರು ಗೋಪೀನಾಥ, ಮಾಮಿಗೆ ಗೋಪಿ. ತಾತನ ಕಾಲಕ್ಕೆ ಮದರಾಸಿಗೆ ಬಂದ ಮನೆ ನಮ್ಮದು. ಮೈಲಾಪುರದ ಹಳೆಯ ಮೂರಂತಸ್ತಿನ ಕಟ್ಟಡದಲ್ಲಿ, ಮೊದಲ ಮಹಡಿಯಲ್ಲಿ ಇದ್ದೇವೆ. ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ನನ್ನ ಕೆಲಸ. ಯಾವ ವಸ್ತು ಹೇಗೆ ಕೆಡಬಹುದೆಂದು ಯೋಚಿಸುವುದಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದನ್ನೇ ಬಿಟ್ಟಿಯಾಗಿ ಮಾಡುತ್ತೇನೆ. ಈ ಯೋಚನೆಗಳಿಂದ ನನಗೆ ಬಿಡುಗಡೆ ಸಿಗುವುದು ಒಂದೇ ಕಡೆ — ಫೋನಿನಲ್ಲಿ, ಬೇರೆಯವರು ಕೆಟ್ಟುಹೋದ ವಸ್ತುಗಳನ್ನು ಸರಿಮಾಡುವುದನ್ನು ನೋಡುವಾಗ.

ನೀವೂ ನೋಡಿರಬಹುದು. ನನಗೆ ತುಂಬ ಇಷ್ಟವಾದ ಚಾನೆಲ್ಲಿನಲ್ಲಿ ಮುಖವೇ ಕಾಣುವುದಿಲ್ಲ, ಮಾತೂ ಇಲ್ಲ. ಒಂದು ಮೇಜು, ಎರಡು ಕೈ. ಮೊದಲು ತುಕ್ಕು ತಿಂದು ಗುರುತೇ ಸಿಗದ ಏನೋ ಒಂದು — ಬೀಗ, ಹೊಲಿಗೆ ಯಂತ್ರ, ಕಾಫಿ ಬೀಜ ಪುಡಿ ಮಾಡುವ ಗಿರಣಿ. ಕೈಗಳು ಅದನ್ನು ಬಿಚ್ಚುತ್ತವೆ, ತೊಳೆಯುತ್ತವೆ, ಉಜ್ಜುತ್ತವೆ. ಇಪ್ಪತ್ತು ನಿಮಿಷದಲ್ಲಿ ಅದು ಫಳಫಳ ಹೊಳೆಯುತ್ತ ತಿರುಗುತ್ತದೆ. ನಡುವೆ ಯಾವ ಅವಘಡವೂ ಇಲ್ಲ. ಆ ಕೈಗಳಿಗೆ ಅನುಮಾನ ಎಂಬುದೇ ಗೊತ್ತಿಲ್ಲ — ಅದೇ ಇರಬೇಕು ನನ್ನನ್ನು ಎಳೆದದ್ದು. ಪರಕ್ಕುಂ ರೈಲಿನಲ್ಲಿ, ಎಂದರೆ ಕಂಬಗಳ ಮೇಲೆ ಓಡುವ ‘ಹಾರುವ’ ರೈಲಿನಲ್ಲಿ, ಆಫೀಸಿಗೆ ಹೋಗುವಾಗ ಒಂದು, ಮಧ್ಯಾಹ್ನ ಮೊಸರನ್ನದ ಜೊತೆ ಒಂದು, ಬರುವಾಗ ಒಂದು. ಹಡಗಿನ ಎಂಜಿನ್ನಿನ ಪಿಸ್ಟನ್ ಉಂಗುರ ಬದಲಿಸುವುದು ನನಗೆ ಗೊತ್ತು. ನಮ್ಮನೆಯ ಟ್ಯೂಬ್‌ಲೈಟು ಬದಲಿಸಲು ಎಲೆಕ್ಟ್ರಿಶಿಯನ್ ಬರುತ್ತಾನೆ.

"ಪ್ರಪಂಚದಲ್ಲಿರೋ ಮಷೀನೆಲ್ಲ ಬಿಚ್ಚಕ್ಕೆ ಗೊತ್ತು ಇವರಿಗೆ," ಎಂದು ವತ್ಸಲಾ ಬಂದವರ ಮುಂದೆಲ್ಲ ಹೇಳುತ್ತಿದ್ದಳು. "ಬಾತ್‌ರೂಮಿನ ನಲ್ಲಿ ಮಾತ್ರ ಹತ್ತು ದಿನದಿಂದ ತೊಟ್ ತೊಟ್ ಅಂತ ಸೋರ್ತಿದೆ."

ಬಂದವರಲ್ಲಿ ಸುಭದ್ರಾ ಮಾಮಿಯೂ ಇದ್ದರು. ನೆಲ ಮಹಡಿಯಲ್ಲಿ, ಸರಿಯಾಗಿ ನಮ್ಮ ಫ್ಲಾಟಿನ ಕೆಳಗೆ ಅವರ ಮನೆ. ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡುವವರು ನಮ್ಮದು, ಅವರದು, ಎರಡೇ ಮನೆ. ಮಾಮಿಗೆ ಆಗ ಅರವತ್ತಾರು. ಸಂಜೆ ಮಕ್ಕಳಿಗೆ ದೇವರನಾಮ ಹೇಳಿಕೊಡುತ್ತಿದ್ದರು; ನನ್ನ ಮಗಳು ಮೇಘನಾ ಆ ಮಕ್ಕಳಲ್ಲಿ ಒಬ್ಬಳು. ಅವರ ಯಜಮಾನರು, ರೈಲ್ವೆ ಆಫೀಸಿನಲ್ಲಿ ಹೆಡ್‌ಕ್ಲರ್ಕ್ ಆಗಿದ್ದ ರಾಘು ಮಾಮ, ಹಿಂದಿನ ವರ್ಷ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮಾಮಿ ಹಾಡುತ್ತಿದ್ದರು — ಕಛೇರಿ ಮಾಡುವ ಹಾಡಲ್ಲ, ಆದರೆ ದಿನವಿಡೀ ಹಾಡು. ಬೀನ್ಸ್ ಹೆಚ್ಚುವಾಗ ಹಾಡು, ಅಕ್ಕಿ ಆರಿಸುವಾಗ ಹಾಡು. ಅದು ಅಡುಗೆಮನೆಯ ಕಿಟಕಿಯಿಂದ ಏರಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಮದುವೆಯಾಗಿ ಬಂದ ದಿನದಿಂದ ಅದನ್ನು ಕೇಳಿಕೊಂಡೇ ಅಡುಗೆ ಮಾಡಿದವಳು ವತ್ಸಲಾ.

ಪಾಠದಲ್ಲಿ ಮಾಮಿಯದು ಎರಡೇ ಕಟ್ಟಳೆ. ಫೋನುಗಳು ಬಾಗಿಲ ಬಳಿಯ ಬೆತ್ತದ ಬುಟ್ಟಿಗೆ ಹೋಗಬೇಕು. ಎಲ್ಲರೂ ಹಾಡಬೇಕಾದದ್ದು ಅವರ ತಿದಿಯ ಪೆಟ್ಟಿಗೆಗೆ, ಐದು ಮನೆ ಶ್ರುತಿಗೆ — ಹಾರ್ಮೋನಿಯಂನ ಐದನೇ ಬಿಳಿ ಮನೆಯ ಎತ್ತರಕ್ಕೆ. ಆ ಪೆಟ್ಟಿಗೆ ಮದುವೆಯಲ್ಲಿ ಅವರ ತಂದೆ ಕೊಟ್ಟದ್ದು. ಕರೆಂಟಿನ ಪೆಟ್ಟಿಗೆ, ಫೋನಿನ ಪೆಟ್ಟಿಗೆ ಯಾವುದೂ ಅವರ ಮನೆಯ ಹೊಸಿಲು ದಾಟಿರಲಿಲ್ಲ. ಯಾವ ಹುಡುಗಿಯಾದರೂ ಶ್ರುತಿ ಬಿಟ್ಟು ಅತ್ತಿತ್ತ ಹೋದರೆ ಮಾಮಿ ಹಾಡು ನಿಲ್ಲಿಸಿ ಹೇಳುತ್ತಿದ್ದರು — "ಪೆಟ್ಟಿಗೆ ಎಲ್ಲೂ ಹೋಗಿಲ್ಲ ಕಣೇ, ನೀನು ಹೋಗಿದೀಯ. ತಿರುಗಿ ಬಾ."

ಒಂದು ದಿನ ಆ ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು.

"ಮೇಲಿನ ಷಡ್ಜ ಜಿರ್ ಅಂತಿದೆ ಗೋಪಿ. ನಿಮ್ಮ ಮಾಮ ಇದ್ದಿದ್ರೆ ಏನೋ ಮಾಡ್ಕೊಡ್ತಿದ್ರು. ನೀನು ಹೊತ್ತೊತ್ತಿಗೂ ರಿಪೇರಿ ನೋಡ್ತಿರ್ತೀಯಂತಲ್ಲ. ಕೊಂಚಂ ಪಾರು, ಇದನ್ನೂ ಸ್ವಲ್ಪ ನೋಡು."

"ಇವರ ಕೈಗಾ?" ಎಂದಳು ವತ್ಸಲಾ. "ಮಾಮಿ, ಎರಡು ಸಲ ಯೋಚನೆ ಮಾಡಿ."

"ಚುಮ್ಮಾ ಇರು. ಅವನಿಗೆ ಗೊತ್ತಿರತ್ತೆ."

ಅವನಿಗೆ ಗೊತ್ತಿರತ್ತೆ! ನನ್ನ ಬಗ್ಗೆ ಯಾರೂ ಆಡಿರದ ಮಾತು.

ಭಾನುವಾರ ವತ್ಸಲಾ, ಮೇಘನಾ ಒಂದು ಸೀಮಂತಕ್ಕೆ ಹೋದಾಗ ಮುಂದಿನ ಹಲಗೆ ಬಿಚ್ಚಿದೆ. ಒಳಗೆ ನಾಲ್ಕು ಹಿತ್ತಾಳೆಯ ಪಟ್ಟಿ. ಒಂದೊಂದರ ಮೇಲೂ ತೆಳ್ಳಗಿನ ನಾಲಿಗೆ — ರೀಡು ಅನ್ನುತ್ತಾರೆ — ಒಂದು ತುದಿ ಬಿಗಿದದ್ದು, ಇನ್ನೊಂದು ಬಿಟ್ಟದ್ದು. ತಿದಿಯ ಗಾಳಿ ಬಂದಾಗ ಅದು ಅದುರುತ್ತದೆ, ಅದುರುವುದೇ ಸ್ವರ. ಇಷ್ಟು ಚಿಕ್ಕ ವಸ್ತುವೇ! ಇಷ್ಟಕ್ಕೆ ಒಂದು ಹೆಂಗಸು ನಲವತ್ತು ವರ್ಷ ಕಟ್ಟುಬಿದ್ದು ಹಾಡಿದ್ದಾರಲ್ಲ ಎಂದು ಎಷ್ಟೋ ಹೊತ್ತು ನೋಡುತ್ತ ಕೂತೆ. ಮೇಲಿನ ಷಡ್ಜದ ನಾಲಿಗೆಯ ಅಡಿ ಒಂದೆಳೆ ಬಿಳಿ ಕೂದಲು ಸಿಕ್ಕಿಕೊಂಡಿತ್ತು. ಚಿಮುಟದಿಂದ ತೆಗೆದೆ. ಜಿರ್ ಹೋಯಿತು. ಐದು ನಿಮಿಷವೂ ಹಿಡಿಯಲಿಲ್ಲ.

ಅಲ್ಲಿಗೆ ಮುಚ್ಚಿದ್ದರೆ —

ಆದರೆ ಐದು ನಿಮಿಷ ಸಾಲುತ್ತದೆಯೇ? ನಾನು ನೋಡಿದ ಯಾವ ವೀಡಿಯೋವೂ ಐದು ನಿಮಿಷಕ್ಕೆ ಮುಗಿದದ್ದಿಲ್ಲ. ನಾಲಿಗೆಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಇದು ಹೊಳೆದರೆ ಹೇಗಿರುತ್ತದೆ — ಅಷ್ಟೇ, ಆ ಕುತೂಹಲ ಅಷ್ಟೇ. ಕೆಳಗಿನ ಅಂಗಡಿಯಲ್ಲಿ ಉಪ್ಪುತ್ತಾಳ್ ತಂದೆ. ನಾವು ಮರಳುಕಾಗದ ಅನ್ನುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ಉಜ್ಜಿದೆ. ಬಂಗಾರದ ಹಾಗೆ ಹೊಳೆದವು. ತಿದಿ ಒತ್ತಿದೆ. ನಾಲ್ಕು ಸ್ವರಗಳೂ ಒಂದಕ್ಕೊಂದು ಹೊಂದದೆ, ಜಗಳಕ್ಕೆ ನಿಂತವರ ಹಾಗೆ, ಅಲೆಅಲೆಯಾಗಿ ಗುಂಯ್‌ಗುಟ್ಟಿದವು.

ಫೋನಿನಲ್ಲಿ ಹುಡುಕಿದೆ. ನಾಲಿಗೆಯ ತುದಿಯನ್ನು ಕೆರೆದರೆ ಸ್ವರ ಮೇಲಕ್ಕೇರುತ್ತದೆ ಎಂದು ಯಾರೋ ತೋರಿಸಿದರು. ವೀಡಿಯೋ ಇನ್ನೂ ಇತ್ತು. ನನಗೆ ಅಷ್ಟೇ ಬೇಕಾಗಿತ್ತು, ಅಲ್ಲೇ ನಿಲ್ಲಿಸಿದೆ. ಕೆಳಗಿದ್ದ ಸ್ವರವನ್ನು ಕೆರೆದು ಏರಿಸಿದೆ. ಅದು ಒಂದು ಕೂದಲು ಹೆಚ್ಚಾಯಿತು. ಅದಕ್ಕೆ ಹೊಂದಿಸಲು ಪಕ್ಕದ್ದನ್ನು ಕೆರೆದೆ. ಅದಕ್ಕೆ ಇನ್ನೊಂದು. ಮೇಜಿನ ಕುಂಟು ಕಾಲು ಸರಿಮಾಡಲು ಹೋಗಿ ಸರದಿಯ ಮೇಲೆ ನಾಲ್ಕೂ ಕಾಲು ಕುಯ್ಯುತ್ತ ಕೂತವನ ಹಾಗೆ ಮೂರು ಗಂಟೆ. ಕೊನೆಗೆ ಅಲೆ ನಿಂತಿತು. ನಾಲ್ಕೂ ಸ್ವರ ಒಂದರೊಳಗೊಂದು ಬೆರೆತು ಜೇನಿನ ಹಾಗೆ ಹರಿದವು. ನನಗೆ ಕಣ್ಣಲ್ಲಿ ನೀರು ಬಂತು.

ಈಗ ಗೊತ್ತು, ನನ್ನ ಎಚ್ಚರಿಕೆಯೇ ಮಾಮಿಗೆ ಮುಳುವಾಯಿತು. ಉಡಾಫೆಯವನಾಗಿದ್ದರೆ ಸ್ವರಗಳು ಜಗಳವಾಡುತ್ತಲೇ ಉಳಿಯುತ್ತಿದ್ದವು, ಮಾಮಿ ಒಂದೇ ಕ್ಷಣದಲ್ಲಿ "ಏನ್ ಮಾಡ್ಬಿಟ್ಟೆಯೋ" ಎನ್ನುತ್ತಿದ್ದರು, ನಾನು ಬೈಸಿಕೊಳ್ಳುತ್ತಿದ್ದೆ, ಮುಗಿಯುತ್ತಿತ್ತು. ನಾನು ನಾಲ್ಕನ್ನೂ ಒಟ್ಟಿಗೆ, ಒಂದು ಚೂರು ಹೆಚ್ಚುಕಡಿಮೆಯಿಲ್ಲದೆ ಮೇಲೇರಿಸಿದ್ದೆ. ಎಷ್ಟು ಮೇಲೆ ಎಂಬುದನ್ನು ನೋಡಬೇಕೆಂದು ಹೊಳೆಯಲೇ ಇಲ್ಲ — ಧನುರ್ವಾಯುವಿನ ತನಕ ಯೋಚಿಸಿದವನಿಗೆ!

ಮಾಮಿ ತಿದಿ ಒತ್ತಿ ಕಣ್ಣು ಮುಚ್ಚಿದರು. "ಅಯ್ಯೋ, ಎಷ್ಟು ಚೊಕ್ಕವಾಗಿದೆ! ಏನೋ ಮಾಡ್ದೆ?"

"ಏನಿಲ್ಲ ಮಾಮಿ. ಧೂಳಿತ್ತು, ತೆಗೆದೆ."

ಅದು ಸುಳ್ಳು ಎಂದು ನನಗೆ ಆಗ ಅನಿಸಲಿಲ್ಲ. ವಿನಯ ಎಂದುಕೊಂಡೆ. ಮಾಮಿ ಸಿಕ್ಕವರಿಗೆಲ್ಲ ಹೇಳಿದರು. ಎರಡನೇ ಮಹಡಿಯವರು ಮಿಕ್ಸಿ ಹಿಡಿದುಕೊಂಡು ಬಂದರು. ಆಫೀಸಿನಲ್ಲಿ ವರ್ಷಾಂತ್ಯದ ಕೆಲಸ ಎಂದು ಸಾಗಹಾಕಿದೆ. ಎರಡು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಮೂರನೇ ವಾರ ಮೇಘನಾ ಊಟಕ್ಕೆ ಕೂತಾಗ ಹೇಳಿದಳು. ಅವಳಿಗೆ ಆಗ ಹದಿಮೂರು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲಿ. "ಅಪ್ಪಾ, ಮಾಮಿ ಕ್ಲಾಸ್‌ಲ ಶ್ರುತಿ ಜಾಸ್ತಿಯಾ ಇರುಕ್ಕು. ವೀಟ್ಲ ಆ್ಯಪ್‌ಲ ಅಂಜು ಕಟ್ಟೆ ವೆಚ್ಚಾ ಈಸಿಯಾ ವರುದು. ಅಂಗೆ ಕತ್ತ ವೇಂಡಿಯಿರುಕ್ಕು." ಮನೆಯಲ್ಲಿ ಫೋನಿನ ಐದು ಮನೆ ಶ್ರುತಿಗೆ ಸಲೀಸಾಗಿ ಬರುವ ಹಾಡನ್ನು ಅಲ್ಲಿ ಕಿರುಚಬೇಕಾಗುತ್ತದೆ ಎಂದು ದೂರು.

"ಆ್ಯಪ್‌ಗಳನ್ನೆಲ್ಲ ನಂಬಬಾರದು ಪುಟ್ಟೀ," ಎಂದೆ. ಎಷ್ಟು ಬೇಗ ಎಂದೆ! ತುತ್ತು ಬಾಯಲ್ಲಿತ್ತು.

ಆದರೂ ಮಾರನೆಯ ದಿನ, ಮಾಮಿಯ ಮನೆಯ ವಿದ್ಯುತ್ ಬಿಲ್ಲು ಕೊಡುವ ನೆಪದಲ್ಲಿ ಪಾಠದ ಹೊತ್ತಿಗೆ ಹೋದೆ. ಅಂಗಿ ಜೇಬಿನಲ್ಲಿ ಫೋನು, ಅದರಲ್ಲಿ ಸ್ವರ ಅಳೆಯುವ ಆ್ಯಪು. ಬುಟ್ಟಿಗೆ ಹಾಕದೆ ಒಳಗೆ ಹೋದ ಮೊದಲ ಫೋನು ಅದೇ ಇರಬೇಕು. ಮೆಟ್ಟಿಲ ಮೇಲೆ ಬಂದು ನೋಡಿದೆ. ಐದು ಮನೆ ಇರಬೇಕಾದ ಪೆಟ್ಟಿಗೆ ಹೆಚ್ಚುಕಡಿಮೆ ಐದೂವರೆಯನ್ನು ಮುಟ್ಟಿತ್ತು. ಅಲ್ಲೇ ಕೂತು, ಅಂದು ಅರ್ಧಕ್ಕೆ ನಿಲ್ಲಿಸಿದ್ದ ವೀಡಿಯೋವನ್ನು ಮುಂದಕ್ಕೆ ನೋಡಿದೆ. ತುದಿ ಕೆರೆದರೆ ಏರುತ್ತದೆ. ಬುಡ ಕೆರೆದರೆ ಇಳಿಯುತ್ತದೆ. ಇಳಿಸುವುದೂ ಅಷ್ಟೇ ಸುಲಭವಾಗಿತ್ತು. ಕೇಳಬೇಕಾಗಿದ್ದದ್ದು ಇಷ್ಟೇ — ಮಾಮಿ, ಪೆಟ್ಟಿಗೆ ಒಂದು ದಿನ ಕೊಡಿ.

ಕೇಳುವ ಮುಂಚೆ ಅವರೇ ಕೇಳಿದರು. ಒಂದು ಸಂಜೆ ಆಫೀಸಿನಿಂದ ಬರುವಾಗ ಬಾಗಿಲಲ್ಲಿ ನಿಂತಿದ್ದರು.

"ಗೋಪಿ, ನಿನ್ನ ಮಗಳು ಪೆಟ್ಟಿಗೆ ಏರಿದೆ ಅಂದ್ಳು. ಬೈದೆ. ಆದ್ರೆ ನನಗೂ ಮೇಲೆ ಹೋಗಕ್ಕಾಗ್ತಿಲ್ಲ ಕಣೋ, ಗಂಟಲು ಕಟ್ಟಿದ ಹಾಗಾಗತ್ತೆ. ನೀನು ಬಿಚ್ಚಿದಾಗ ಏನಾದ್ರೂ ಆಯ್ತೇನಪ್ಪ? ಆಗಿದ್ರೆ ಹೇಳು, ಪರವಾಗಿಲ್ಲ."

ಇದಕ್ಕಿಂತ ಸುಲಭದ ಬಾಗಿಲನ್ನು ಯಾರೂ ಯಾರಿಗೂ ತೆರೆದಿರಲಾರರು. ಪರವಾಗಿಲ್ಲ ಎಂದೂ ಹೇಳಿಯಾಗಿತ್ತು.

"ಇಲ್ಲ ಮಾಮಿ," ಎಂದೆ. "ಬರೀ ಧೂಳು ತೆಗೆದದ್ದು. ರೀಡಿಗೆ ಕೈಯೇ ಹಚ್ಚಿಲ್ಲ."

ಮಾಮಿ ನನ್ನ ಮುಖವನ್ನೇ ನೋಡಿದರು — ಅನುಮಾನದಿಂದಲ್ಲ. ಅವರು ನನ್ನನ್ನು ನಂಬುತ್ತಿರುವುದು ನನಗೆ ಕಣ್ಣಾರೆ ಕಾಣುತ್ತಿತ್ತು. "ಶರಿ," ಎಂದರು. "ಹಾಗಾದ್ರೆ ನಾನೇ."

ಆ ಮಾತು ಏಕೆ ಆಡಿದೆ ಎಂದು ಈ ನಾಲ್ಕು ವರ್ಷದಲ್ಲಿ ಬಿಚ್ಚಿ ಬಿಚ್ಚಿ ನೋಡಿದ್ದೇನೆ. ಹೆದರಿಕೆ ಎಂದು ಬಹಳ ದಿನ ಅಂದುಕೊಂಡಿದ್ದೆ. ನನಗೆ ಅದು ಒಪ್ಪುವ ಕಾರಣ, ನಾನು ಹೆದರುಪುಕ್ಕಲ ಎಂಬುದು ಲೋಕಕ್ಕೇ ಗೊತ್ತು. ಆದರೆ ಮಾಮಿಗೆ ಯಾರು ಹೆದರುತ್ತಾರೆ? ಬೈದರೆ ಎರಡು ಮಾತು, ಆಮೇಲೆ ಕಾಫಿ. ಹೆದರಿಕೆ ಅಲ್ಲ. ಜೀವಮಾನದಲ್ಲಿ ನನ್ನ ಕೈಯಿಂದ ಸರಿಹೋದ ವಸ್ತು ಅದೊಂದೇ. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಇಷ್ಟೇ ಅದು. ಮಾಮಿಯ ಗಂಟಲನ್ನು ತಕ್ಕಡಿಯ ಒಂದು ಬದಿಯಲ್ಲೂ ನನ್ನ ಇಡ್ಲಿ ತಟ್ಟೆಯನ್ನು ಇನ್ನೊಂದರಲ್ಲೂ ಇಟ್ಟು, ನನ್ನ ಕಡೆಗೇ ತೂಗಿಕೊಂಡೆ.

ಆ ವರ್ಷದ ನವರಾತ್ರಿಯಲ್ಲಿ ಮಾಮಿಯ ಮನೆಯಲ್ಲಿ ಎಂದಿನಂತೆ ಗೊಂಬೆ, ಎಂದಿನಂತೆ ಹಾಡು. ಚರಣದಲ್ಲಿ ಒಂದು ಕಡೆ ಮೇಲಿನ ಪಂಚಮವನ್ನು ಮುಟ್ಟಿ ಇಳಿಯಬೇಕು. ಅದು ಅವರ ಪ್ರಸಿದ್ಧ ಜಾಗ, ಹೆಂಗಸರು ಅದಕ್ಕೇ ಕಾದು ಕೂತಿರುತ್ತಿದ್ದರು. ಮಾಮಿ ಏರಿದರು. ದನಿ ಒಡೆಯಿತು. ಇನ್ನೊಮ್ಮೆ ಏರಿದರು, ಇನ್ನೊಮ್ಮೆ ಒಡೆಯಿತು. ಹಾಡು ನಿಲ್ಲಿಸಿ, ತಿದಿಯ ಮೇಲೆ ಕೈಯಿಟ್ಟು ನಕ್ಕರು. "ಪೆಟ್ಟಿಗೆ ಎಲ್ಲೂ ಹೋಗಿಲ್ಲ. ನಾನೇ ಹೋಗಿದೀನಿ," ಎಂದರು. ಮಕ್ಕಳೆಲ್ಲ ನಕ್ಕರು. ಬಾಗಿಲ ಬಳಿ ಕಡಲೆ ಸುಂಡಲಿನ ದೊನ್ನೆ ಹಿಡಿದು ನಿಂತಿದ್ದ ನಾನೂ ನಕ್ಕೆ.

ದೀಪಾವಳಿ ಕಳೆದ ಮೇಲೆ ಪಾಠ ನಿಲ್ಲಿಸಿದರು. ಸರಿಯಾಗಿ ಹಾಡಲಾಗದವಳು ಹೇಳಿಕೊಡಬಾರದು ಎಂದರು. ಪೆಟ್ಟಿಗೆಯನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಮೇಘನಾಳ ಕೈಗೆ ಕೊಟ್ಟರು — "ನಿಮ್ಮಪ್ಪ ಸರಿ ಮಾಡ್ಕೊಟ್ಟದ್ದು. ನಿಮ್ಮನೇಲೇ ಇರ್ಲಿ." ಅದು ನಮ್ಮ ಬೀರುವಿನ ಮೇಲೆ ಕೂತಿತು. ಅಡುಗೆಮನೆಯ ಕಿಟಕಿಯಿಂದ ಹಾಡು ಬರುವುದು ನಿಂತಿತು. ಬೀನ್ಸ್ ಹೆಚ್ಚುವ ಟಕಟಕ ಮಾತ್ರ ಬರುತ್ತಿತ್ತು. "ಮಾಮಿಗೆ ವಯಸ್ಸಾಯ್ತು ಅಲ್ವಾ," ಎಂದಳು ವತ್ಸಲಾ ಒಂದು ದಿನ. "ಹೂಂ," ಎಂದೆ.

ಹೀಗೆ ನಾಲ್ಕು ವರ್ಷ. ವೀಡಿಯೋ ನೋಡುವುದನ್ನು ಬಿಟ್ಟೆ ಎಂದು ಹೇಳಿಕೊಳ್ಳಲು ಆಸೆ. ಬಿಡಲಿಲ್ಲ.

ಹೋದ ತಿಂಗಳು ಆಫೀಸಿನ ಊಟದ ಹೊತ್ತಿನಲ್ಲಿ ಒಂದು ನೋಡುತ್ತಿದ್ದೆ. ಯಾವುದೋ ದೂರದ ಊರಿನ ಮುದುಕ ಹಳೆಯ ಅಕಾರ್ಡಿಯನ್ ಬಿಚ್ಚುತ್ತಿದ್ದ. ಒಳಗಿನ ಮರದ ಮೇಲೆ ಪೆನ್ಸಿಲಿನ ಸಾಲುಗಳಿದ್ದವು — ಹಿಂದೆ ಅದನ್ನು ಸರಿಮಾಡಿದವರೆಲ್ಲ ತಾವು ಏನು ಮಾಡಿದೆವೆಂದು ಬರೆದಿಟ್ಟದ್ದು, ಮುಂದೆ ಬಿಚ್ಚುವವನಿಗಾಗಿ. ಮುದುಕ ಕೆಲಸ ಮುಗಿಸಿ ತಾನೂ ಒಂದು ಸಾಲು ಬರೆದ. ಮೊಸರನ್ನ ಹಾಗೇ ಉಳಿಯಿತು. ಮಾಮಿಯ ಪೆಟ್ಟಿಗೆಯೊಳಗೂ ಬರೆದಿರಬಹುದೇ? ನಾನು ಮುಂದಿನ ಹಲಗೆಯನ್ನು ಮಾತ್ರ ತೆಗೆದಿದ್ದೆ. ಹಿಂದಿನದನ್ನು ತೆಗೆದಿರಲಿಲ್ಲ.

ಶನಿವಾರ ತೆಗೆದೆ. ಹಲಗೆಯ ಒಳಮೈಯಲ್ಲಿ ಪೆನ್ಸಿಲ್ಲು. ಆ ಅಕ್ಷರ ನನಗೆ ಚೆನ್ನಾಗಿ ಗೊತ್ತು — ದುಂಡಗೆ, ಒತ್ತೊತ್ತಾಗಿ. ನಮ್ಮ ಕಟ್ಟಡದ ನೀರಿನ ಮೋಟಾರು ಯಾವ ಹೊತ್ತಿಗೆ ಹಾಕಬೇಕೆಂದು ವರ್ಷಗಟ್ಟಲೆ ಗೋಡೆಗೆ ಅಂಟಿಸುತ್ತಿದ್ದ ರಾಘು ಮಾಮನ ಅಕ್ಷರ. "ಶ್ರುತಿ ಇಳಿದಿತ್ತು. ೫ಕ್ಕೆ ಸರಿಮಾಡಿಸಿದೆ. ಅವಳಿಗೆ ಹೇಳಿಲ್ಲ." ಅದರ ಕೆಳಗೆ, ಬೇರೆ ಬೇರೆ ಪೆನ್ಸಿಲ್ಲಿನಲ್ಲಿ, ಆರು ಸಲ ‘ಮೇಲಿನಂತೆ’ ಎಂದು ಎರಡೆರಡು ಗೀಟು.

ಎಲ್ಲೂ ಹೋಗದ ಪೆಟ್ಟಿಗೆ! ಅದು ಹೋದಾಗಲೆಲ್ಲ ಅವರು ಸದ್ದಿಲ್ಲದೆ ತಿರುಗಿ ಕರೆತಂದಿದ್ದರು. ಮಾಮಿ ಊರಿಗೆ ಹೋದಾಗಲೋ, ನೆಂಟರ ಮನೆಗೆ ಹೋದಾಗಲೋ — ಹೇಗೆ ಮಾಡಿಸಿರಬಹುದು ಎಂದು ಕಲ್ಪಿಸುತ್ತ ಕೂತೆ. ಒಂದು ಕ್ಷಣ ನನಗೆ ಸಮಾಧಾನವೂ ಆಯಿತು: ಮುಚ್ಚಿಟ್ಟವನು ನಾನೊಬ್ಬನೇ ಅಲ್ಲ. ಆ ಸಮಾಧಾನಕ್ಕೆ ನಾಚಿಕೆಯಾದದ್ದು ಆಮೇಲೆ. ಮಾಮ ಮುಚ್ಚಿಟ್ಟದ್ದು ಸರಿಮಾಡಿಸಿ. ಅದರಿಂದ ಮಾಮಿ ಹಾಡುತ್ತಿದ್ದರು.

ಅಂದು ವತ್ಸಲಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಹಂಗಿಸಲಿಲ್ಲ. ಒಂದು ಮಾತೂ ಹಂಗಿಸಲಿಲ್ಲ. ಮಾಮಿಯ ಅಡುಗೆಮನೆಯ ಕಡೆಯ ಕಿಟಕಿಯ ಹತ್ತಿರ ಹೋಗಿ ನಿಂತುಕೊಂಡಳು. "ಹೋಗಿ ಹೇಳ್ಬಿಟ್ಟು ಬನ್ನಿ," ಎಂದಳು. ನಾನು ಹೇಳಲಿಲ್ಲ, ಮಾರನೆಯ ದಿನ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ತ್ರಿಪ್ಲಿಕೇನಿಗೆ ಹೋದೆ. ಅಲ್ಲಿಯ ಒಂದು ಗಲ್ಲಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರು ಒಬ್ಬರಿದ್ದಾರೆ. ಒಳಗೆ ನೋಡಿ ತಲೆಯೆತ್ತಿದರು.

"ಯಾರ್ ಸಾರ್ ಇದ್ಲ ಕೈ ವೆಚ್ಚದು?"

"ನಾನ್ ದಾನ್," ಎಂದೆ. ಕೈಹಾಕಿದವನು ನಾನೇ ಎಂದು ಹೆಂಡತಿಯಲ್ಲದ ಒಬ್ಬರ ಎದುರು ಮೊದಲ ಸಲ ಒಪ್ಪಿಕೊಂಡದ್ದು ತಮಿಳಿನಲ್ಲಿ, ಗುರುತಿಲ್ಲದವರ ಬಳಿ.

ಅವರು ಒಂದೊಂದೇ ಸ್ವರ ಒತ್ತಿ ನೋಡಿದರು. "ನಲ್ಲ ವೇಲೆ. ಎಲ್ಲಾತ್ತೆಯುಂ ಸಮಮಾ ಕೆಡುತ್ತಿರುಕ್ಕೀಂಗ." ಒಳ್ಳೆಯ ಕೆಲಸ, ಎಲ್ಲವನ್ನೂ ಸಮನಾಗಿ ಕೆಡಿಸಿದ್ದೀರಿ. ನಾಲ್ಕು ನಾಲಿಗೆಗಳ ಬುಡವನ್ನು ಕೆರೆದು ಐದು ಮನೆಗೆ ಇಳಿಸಲು ಅವರಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಬಸ್ಸಿನಲ್ಲಿ ಬರುವಾಗ ನನಗೆ ಬಂದ ಯೋಚನೆಯನ್ನೂ ಇಲ್ಲಿ ಹೇಳಬೇಕು. ಏನೂ ಹೇಳದೆ ಪೆಟ್ಟಿಗೆ ಕೊಡುವುದು. ಒಂದು ಸಲ ಹಾಡಿ ನೋಡಿ ಮಾಮಿ ಎನ್ನುವುದು. ದನಿ ತಾನಾಗಿ ಮರಳಿತು ಎಂದು ಅವರು ಅಂದುಕೊಳ್ಳುವುದು. ಎಲ್ಲರಿಗೂ ಸಂತೋಷ. ಹಾಗೆಂದುಕೊಂಡೇ ಅವರ ಬಾಗಿಲಿಗೆ ಹೋದೆ. ಬಾಗಿಲು ತೆಗೆದು, ಕೈಯಲ್ಲಿದ್ದ ಪೆಟ್ಟಿಗೆ ನೋಡಿ, ಮಾಮಿ ನಕ್ಕರು.

"ಏನೋ, ಮತ್ತೆ ಧೂಳಾ?"

"ಧೂಳಲ್ಲ ಮಾಮಿ," ಎಂದೆ. "ಆವತ್ತೂ ಧೂಳಲ್ಲ."

ಕೂತು ಹೇಳಿದೆ. ಉಜ್ಜಿದ್ದು, ಕೆರೆದದ್ದು, ಅಳೆದದ್ದು, ಮಗಳಿಗೆ ಹೇಳಿದ್ದು. ಅವರು ನಡುವೆ ನಡುವೆ ಕೇಳುತ್ತಿದ್ದರು — ಯಾವ ತುದಿ? ಎಷ್ಟು ಏರಿತ್ತು? ಷಡ್ಜ ಮೊದಲಾ, ಪಂಚಮ ಮೊದಲಾ? ಪಾಠ ಒಪ್ಪಿಸುವ ಹುಡುಗನನ್ನು ಕೇಳುವ ಹಾಗೆ, ಸಿಟ್ಟಿಲ್ಲದೆ. ಎಲ್ಲ ಮುಗಿದ ಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚುತ್ತ, ಸುತ್ತಿಕೊಂಡು ಬಿಚ್ಚುತ್ತ ಕೂತರು.

"ನಾನು ಕೇಳಿದ್ನಲ್ಲೋ ಗೋಪಿ," ಎಂದರು. "ಬಾಯಿಬಿಟ್ಟು ಕೇಳಿದ್ನಲ್ಲ."

"ಕೇಳಿದ್ರಿ ಮಾಮಿ."

ಕ್ಷಮಿಸಿ ಎಂಬ ಮಾತು ನಾಲಿಗೆಯ ತನಕ ಬಂತು. ಅದನ್ನು ಹೇಳಿದರೆ ಅವರು "ಪರವಾಗಿಲ್ಲ" ಎನ್ನಬೇಕಾಗುತ್ತದೆ. ಆ ಮಾತನ್ನು ಅವರು ಒಮ್ಮೆ ಕೊಟ್ಟಾಗಿತ್ತು.

ಹಿಂದಿನ ಹಲಗೆಯನ್ನೂ ಬಿಚ್ಚಿ ತೋರಿಸಿದೆ. ತೋರಿಸಬೇಕೋ ಬೇಡವೋ ಎಂದು ಹಿಂದಿನ ದಿನವೆಲ್ಲ ಯೋಚಿಸಿದ್ದೆ. ತೋಳು ಚಾಚಿ ದೂರ ಹಿಡಿದು, ತುಟಿ ಅಲುಗಿಸುತ್ತ ಓದಿದರು. ಗೀಟುಗಳನ್ನು ಬೆರಳಿನಿಂದ ಎಣಿಸಿದರು. "ಇವರೂನಾ!" ಎಂದರು. ನಗು ಬಂತು ಅವರಿಗೆ, ನಡುವೆಯೇ ನಿಂತಿತು. "ಏಳು ಸಲ. ನನ್ನ ಕಿವಿಗೆ ಒಂದು ಸಲವೂ ತಿಳೀಲಿಲ್ಲ ನೋಡು." ಹಲಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, "ಒಬ್ಬರಾದ್ರೂ ಹೇಳಬಾರದಿತ್ತಾ ನನಗೆ," ಎಂದರು. ಅವರು ಮಾಮನನ್ನು ನನ್ನ ಜೊತೆಗೆ ಸೇರಿಸಿ ಹೇಳಿದ್ದು ಸರಿಯಲ್ಲ ಅನಿಸಿತು.

ಆಮೇಲೆ ಹಲಗೆ ನನ್ನ ಕೈಗೆ ಕೊಟ್ಟು, "ಹಾಕು," ಎಂದರು. ನಾಲ್ಕು ಸ್ಕ್ರೂ ಹಾಕಿದೆ. ಪೆಟ್ಟಿಗೆಯನ್ನು ನನ್ನ ಮುಂದೆಯೇ ಇಟ್ಟರು. "ನೀನು ಒತ್ತು."

ಒತ್ತಿದೆ. ಮಾಮಿ ಬೆನ್ನು ನೆಟ್ಟಗೆ ಮಾಡಿ ಕೂತರು. ಷಡ್ಜ ಹಿಡಿದರು. ಬಳಸದೆ ಬಿಟ್ಟ ಕೋಣೆಯ ಬಾಗಿಲಿನ ಹಾಗೆ ದನಿ ಮೊದಲು ಕಿರುಗುಟ್ಟಿತು, ಆಮೇಲೆ ತೆರೆಯಿತು. ಒಂದೊಂದೇ ಸ್ವರ, ಅವಸರವಿಲ್ಲದೆ, ಮೇಲಿನ ಷಡ್ಜದ ತನಕ ಬಂದರು. ಅಡುಗೆಮನೆಯ ಕಿಟಕಿಯ ಮೇಲ್ಗಡೆ ಪಾತ್ರೆಯ ಸದ್ದು ನಿಂತಿತು, ವತ್ಸಲಾ ಕೇಳಿಸಿಕೊಳ್ಳುತ್ತಿದ್ದಳು. ಮಾಮಿ ಇನ್ನೂ ಏರಿದರು. ರಿಷಭ, ಗಾಂಧಾರ. ಮಧ್ಯಮ ತೆಳ್ಳಗೆ ಬಂತು, ಆದರೂ ಬಂತು.

ಪಂಚಮಕ್ಕೆ ಹೋದರು. ಸಿಗಲಿಲ್ಲ. ಉಸಿರು ತೆಗೆದುಕೊಂಡು ಮತ್ತೆ ಹೋದರು. ಒಂದು ಕೂದಲಿನಷ್ಟು ಕೆಳಗೆ ನಿಂತು, ಅಲ್ಲೇ ಕರಗಿತು. ನಾಲ್ಕು ವರ್ಷ ಹಾಡದ ಗಂಟಲು.

ನಾನು ತಿದಿ ಒತ್ತುತ್ತಲೇ ಇದ್ದೆ. ಈ ಸಲ ಪೆಟ್ಟಿಗೆ ಸರಿಯಾಗಿತ್ತು.